ಬಾಡ್ ಊರಾಖ್ ಸುತ್ತಲಿನ ಕಾಡು, ಜಲಪಾತ, ಬೆಟ್ಟ: ಪದೇ ಪದೇ ಕೇಳುವ ಪ್ರಶ್ನೆಗಳು

ಜರ್ಮನಿಯ ಸ್ಟುಟ್‌ಗಾರ್ಟ್ ಕಡೆ ಕೆಲಸಕ್ಕಿರುವ ಕನ್ನಡಿಗರಲ್ಲಿ ಮೆಟ್ಸಿಂಗೆನ್ ಗೊತ್ತಿಲ್ಲದವರು ಕಡಿಮೆ. ರಜೆಗೆ ಊರಿಗೆ ಹೊರಡುವ ಮುಂಚೆ ಬ್ರಾಂಡೆಡ್ ಅಂಗಿ, ಚೀಲ ಅಂತ ಎಲ್ಲರೂ ಅಲ್ಲಿನ ಔಟ್‌ಲೆಟ್ ಅಂಗಡಿಗಳಿಗೆ ಒಂದು ಸುತ್ತು ಹಾಕಿರುತ್ತಾರೆ. ಅದೇ ಸ್ಟೇಷನ್ನಿನಲ್ಲಿ ಇನ್ನೊಂದು ಚಿಕ್ಕ ರೈಲು ಹತ್ತಿ ಸುಮಾರು ಇಪ್ಪತ್ತು ನಿಮಿಷ ಕೂತರೆ ಬಾಡ್ ಊರಾಖ್. ಆ ಇಪ್ಪತ್ತು ನಿಮಿಷದ ಆಚೆಗಿನ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು.

## ಹೊರಡುವ ಮುಂಚೆ

ಅಲ್ಲಿ ಅಂಥದ್ದೇನಿದೆ? ಜೋಗ ನೋಡಿದವರಿಗೆ ಅದೊಂದು ಜಲಪಾತವಾ?

ಎತ್ತರದ ಲೆಕ್ಕಕ್ಕೆ ಹೋದರೆ ಅಲ್ಲ. ಊರಾಖ್ ಜಲಪಾತ ನೇರವಾಗಿ ಬೀಳುವುದು 37 ಮೀಟರ್. ಜೋಗದ ರಾಜಾ 253. ಭೋರ್ಗರೆತ ಬೇಕಾದವರು ನಿರಾಸೆಯಾಗುತ್ತಾರೆ. ಇಲ್ಲಿನ ಸೊಗಸು ಬೇರೆ. ಎರ್ಮ್ಸ್ ಹೊಳೆಯ ಕಣಿವೆಯಲ್ಲಿ, ಸುಮಾರು 460 ಮೀಟರ್ ಎತ್ತರದಲ್ಲಿ, ಹನ್ನೆರಡು ಹದಿಮೂರು ಸಾವಿರ ಜನರ ಊರು. ಸುತ್ತ ಮೂರು ದಿಕ್ಕಿಗೂ ಬೀಚ್ ಎಂಬ ಜಾತಿಯ ಮರದ ಕಾಡು ಹೊತ್ತ ಕಡಿದಾದ ಗೋಡೆಗಳು. ಗೋಡೆ ಹತ್ತಿದರೆ 700 ಮೀಟರಿನ ಮೇಲೆ ಬಟಾಬಯಲು. ಈ ಎತ್ತರದ ಬಯಲಿಗೇ ಶ್ವೇಬಿಶ್ ಆಲ್ಬ್ ಎಂದು ಹೆಸರು. ಕೆಳಗೆ ಹೊಳೆ, ಮೇಲೆ ಕುರಿ ಮೇಯುವ ಹುಲ್ಲುಗಾವಲು, ನಡುವೆ ಸುಣ್ಣಕಲ್ಲಿನ ಬಂಡೆ, ಗುಹೆ, ಪಾಳುಕೋಟೆ. ಎಲ್ಲವೂ ಒಂದು ದಿನದ ನಡಿಗೆಯಳತೆಯಲ್ಲಿದೆ. 2009ರಲ್ಲಿ ಯುನೆಸ್ಕೋ ಈ ಸೀಮೆಯನ್ನು ಜೀವಗೋಳ ಮೀಸಲು ಪ್ರದೇಶವೆಂದು ಮಾನ್ಯ ಮಾಡಿತು.

ಕಾರಿಲ್ಲ. ರೈಲಲ್ಲೇ ಹೋಗಿ ಬರೋಕಾಗುತ್ತಾ?

ಆಗುತ್ತದೆ, ಅದೇ ಒಳ್ಳೆಯದು ಕೂಡ. ರಜಾದಿನ ಹವೆ ಚೆನ್ನಾಗಿದ್ದರೆ ಜಲಪಾತದ ಪಾರ್ಕಿಂಗ್ ಬೆಳಿಗ್ಗೆಯೇ ತುಂಬುತ್ತದೆ. ಸ್ಟುಟ್‌ಗಾರ್ಟ್‌ನಿಂದ ಟ್ಯೂಬಿಂಗೆನ್ ಕಡೆ ಹೋಗುವ ಪ್ರಾದೇಶಿಕ ರೈಲು ಹತ್ತಿ, ಮೆಟ್ಸಿಂಗೆನ್‌ನಲ್ಲಿ ಇಳಿದು, ಎರ್ಮ್ಸ್ ಕಣಿವೆಯ ರೈಲಿಗೆ ಬದಲಾಯಿಸಬೇಕು. ಡಾಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಪಾಸು ಇದ್ದರೆ ಬೇರೆ ಟಿಕೆಟ್ ಬೇಡ. ಇಲ್ಲದಿದ್ದರೆ ಐದು ಜನರವರೆಗಿನ ಗುಂಪಿಗೆ ಬಾಡೆನ್-ವ್ಯುರ್ಟೆಂಬರ್ಗ್ ಟಿಕೆಟ್, ಅಂದರೆ ಈ ರಾಜ್ಯದೊಳಗೆ ನಡೆಯುವ ಒಂದು ದಿನದ ಟಿಕೆಟ್, ಅಗ್ಗ. ಆದರೆ ಸೋಮವಾರದಿಂದ ಶುಕ್ರವಾರದವರೆಗೆ ಅದು ಬೆಳಿಗ್ಗೆ 9ಕ್ಕೆ ಮುಂಚೆ ನಡೆಯುವುದಿಲ್ಲ.

ಜನ ಎಡವುವುದು ಇಳಿಯುವಾಗ. ಜಲಪಾತಕ್ಕೆ ಹೊರಟವರು ಕೊನೆಯ ಸ್ಟೇಷನ್ ‘ಬಾಡ್ ಊರಾಖ್’ವರೆಗೆ ಹೋಗಬಾರದು, ಅದಕ್ಕೆ ಮುಂಚಿನ ‘ಬಾಡ್ ಊರಾಖ್ ವಾಸರ್‌ಫಾಲ್’ ಎಂಬ ಪುಟ್ಟ ನಿಲ್ದಾಣದಲ್ಲಿ ಇಳಿಯಬೇಕು. ಬಾಗಿಲು ತಾನಾಗಿ ತೆರೆಯುತ್ತದೆಂದು ಕಾಯಬೇಡಿ, ಗುಂಡಿ ಒತ್ತಿ. ಈ ಹಳಿಯಲ್ಲಿ 1976ರಲ್ಲಿ ನಿಂತುಹೋದ ಪ್ರಯಾಣಿಕ ರೈಲು ಮತ್ತೆ ಶುರುವಾದದ್ದು 1999ರಲ್ಲಿ. ವಾಪಸ್ಸು ರೈಲಿನ ಹೊತ್ತನ್ನು ಹೊರಡುವಾಗಲೇ ನೋಡಿಟ್ಟುಕೊಳ್ಳಿ. ಸ್ಟುಟ್‌ಗಾರ್ಟ್ ಕಡೆ ಹಳಿ ಕಾಮಗಾರಿಗೆ ರೈಲು ರದ್ದಾಗಿ ಬಸ್ಸು ಬಿಡುವುದು ಮಾಮೂಲು.

ಹೋಗುವಾಗ ರೈಲು ಎಸ್ಲಿಂಗೆನ್ ದಾಟುತ್ತದೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹೆರ್ಮನ್ ಮೊಗ್ಲಿಂಗ್ 1881ರಲ್ಲಿ ಕಣ್ಣು ಮುಚ್ಚಿದ ಊರು ಅದು. ಮೆಟ್ಸಿಂಗೆನ್‌ನಲ್ಲಿ ಇಳಿಯದೆ ಮುಂದೆ ಹೋದರೆ ಟ್ಯೂಬಿಂಗೆನ್. ನಿಘಂಟಿನ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಅಲ್ಲಿ. ಕಿಟಕಿ ಪಕ್ಕ ಸೀಟು ಸಿಕ್ಕರೆ ನೆನಪಿಗೆ ಬರಲಿ ಅಂತ.

ಯಾವ ತಿಂಗಳು ಚೆನ್ನ?

ಏನು ನೋಡಬೇಕು ಅನ್ನುವುದರ ಮೇಲೆ. ನೀರಿಗೆ ಮಾರ್ಚ್, ಏಪ್ರಿಲ್: ಹಿಮ ಕರಗಿ ಜಲಪಾತ ತುಂಬಿರುತ್ತದೆ, ಮರಗಳಿಗೆ ಎಲೆ ಬಂದಿರದ ಕಾರಣ ಪೂರ್ತಿ ಕಾಣುತ್ತದೆ. ಆಗಸ್ಟಿನಲ್ಲಿ ಮಳೆಯಿಲ್ಲದೆ ಎರಡು ಮೂರು ವಾರ ಕಳೆದಿದ್ದರೆ ಬರೀ ಜಿನುಗು. ಏಪ್ರಿಲ್ ಕೊನೆಗೆ ಕಣಿವೆಯ ಇಳಿಜಾರಿನ ತೋಟಗಳಲ್ಲಿ ಚೆರ್ರಿ, ಸೇಬು ಹೂ ಬಿಡುತ್ತವೆ. ಅಕ್ಟೋಬರ್ ಎರಡನೇ ವಾರದಿಂದ ಬೀಚ್ ಎಲೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ನವೆಂಬರಿನಲ್ಲಿ ಕೆಳಗೆ ಮಂಜು ಮುಸುಕಿ, ಮೇಲೆ ಬಂಡೆಯ ತುದಿಯಲ್ಲಿ ಬಿಸಿಲು ಹೊಡೆಯುವ ದಿನಗಳಿರುತ್ತವೆ. ಊರೊಳಗೆ ಮೋಡ ಕವಿದಿದೆಯೆಂದು ಅವತ್ತು ಮನೆಯಲ್ಲಿ ಕೂತವರಿಗೆ ನಷ್ಟ.

ಚಳಿಗಾಲದಲ್ಲಿ ಜಲಪಾತದ ಪಕ್ಕದ ಮೆಟ್ಟಿಲುಗಳ ಮೇಲೆ ಮಂಜುಗಡ್ಡೆ ಕಟ್ಟುತ್ತದೆ, ದಾರಿ ಮುಚ್ಚುವುದೂ ಉಂಟು. ‘ಗೆಶ್ಪೆರ್ಟ್’ ಎಂಬ ಫಲಕ ಕಂಡರೆ ಮುಚ್ಚಿದೆ ಎಂದೇ ಅರ್ಥ, ಪಕ್ಕದಿಂದ ನುಸುಳಬೇಡಿ.

ಯಾವ ಶೂ, ಚೀಲದಲ್ಲಿ ಏನೇನು?

ಅಡಿಯಲ್ಲಿ ಆಳವಾದ ಹಲ್ಲಿರುವ ಶೂ ಸಾಕು, ದುಬಾರಿ ಬೂಟು ಬೇಡ. ಓಡುವ ಶೂಗಳ ಸಮಸ್ಯೆ ಏರುವಾಗ ಗೊತ್ತಾಗುವುದಿಲ್ಲ. ಒದ್ದೆ ಸುಣ್ಣಕಲ್ಲು, ಅದರ ಮೇಲೆ ಒದ್ದೆ ಬೀಚ್ ಎಲೆ, ಇಳಿಯುವಾಗ ಸಾಬೂನಿನಂತೆ ಜಾರುತ್ತವೆ. ಒಬ್ಬರಿಗೆ ಒಂದೂವರೆ ಲೀಟರ್ ನೀರು, ಮಳೆಯಂಗಿ, ಒಂದು ಪದರ ಹೆಚ್ಚು ಬಟ್ಟೆ, ಚಿಲ್ಲರೆ ಯೂರೋ. ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುವ ಕಡೆಗಳಿರುವುದರಿಂದ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ. ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಹೊತ್ತು ಮುಳುಗುತ್ತದೆ, ಕಾಡೊಳಗೆ ಇನ್ನೂ ಮುಂಚೆ ಕತ್ತಲು. ಆಗ ಟಾರ್ಚ್ ಇರಲೇಬೇಕು.

ಭಾನುವಾರ ಊಟಕ್ಕೇನು ಗತಿ? ನಾವು ವೆಜ್.

ಭಾನುವಾರ ಸೂಪರ್‌ಮಾರ್ಕೆಟ್ ಮುಚ್ಚಿರುತ್ತದೆ. ಶನಿವಾರವೇ ಚಪಾತಿ, ಪುಳಿಯೋಗರೆ ಕಟ್ಟಿಕೊಳ್ಳುವ ಉಪಾಯ ಮಾಡಿ. ಹೋಟೆಲುಗಳಿಗೆ ವಾರದಲ್ಲಿ ಒಂದೆರಡು ದಿನ ‘ರೂಹೆಟಾಗ್’, ಅಂದರೆ ರಜೆ. ಹೆಚ್ಚಾಗಿ ಸೋಮವಾರ, ಮಂಗಳವಾರ. ಮಧ್ಯಾಹ್ನ ಎರಡರ ಮೇಲೆ ಅಡುಗೆಮನೆ ಮುಚ್ಚುವ ಕಡೆಗಳೂ ಇವೆ.

ಮೆನುವಿನಲ್ಲಿ ‘ಕೇಸೆಶ್ಪೆಟ್ಸ್ಲೆ’ ಇದ್ದರೆ ಅದು ಗಿಣ್ಣು ಕರಗಿಸಿದ, ಹುರಿದ ಈರುಳ್ಳಿ ಹಾಕಿದ ಶಾವಿಗೆಯಂಥದ್ದು. ಹಿಟ್ಟಿಗೆ ಮೊಟ್ಟೆ ಬಿದ್ದಿರುತ್ತದೆ. ‘ಮೌಲ್‌ಟಾಶೆನ್’ ನೋಡಲು ಕಡುಬು, ಒಳಗೆ ಮಾಂಸ. ‘ಲಿನ್ಸೆನ್ ಮಿಟ್ ಶ್ಪೆಟ್ಸ್ಲೆ’ ಎಂದರೆ ಬೇಳೆ ಮತ್ತು ಶಾವಿಗೆ, ಆದರೆ ಜೊತೆಗೆ ಸಾಸೇಜು ಬರುತ್ತದೆ. ‘ಓನೆ ಝೈಟೆನ್’ ಅಂದರೆ ಅದನ್ನು ತೆಗೆಯುತ್ತಾರೆ. ಬೇಳೆಯನ್ನೇ ಹಂದಿಮಾಂಸ ಹಾಕಿ ಬೇಯಿಸಿದ್ದಾರೆಯೇ ಎಂದು ಬೇರೆಯಾಗಿ ಕೇಳಬೇಕು. ಬರೀ ‘ವೆಜಿಟೇರಿಯನ್’ ಅಂದರೆ ಎರಡನೆಯದು ಅವರ ತಲೆಗೆ ಹೋಗದಿರಬಹುದು. ಈ ಬೇಳೆ ಆಲ್ಬ್‌ನ ಸ್ವಂತ ಬೆಳೆ. ನಿಂತುಹೋಗಿದ್ದ ಇದರ ಹಳೆಯ ತಳಿಯ ಬೀಜ 2006ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಬೀಜಭಂಡಾರದಲ್ಲಿ ಸಿಕ್ಕಿತು.

## ದಾರಿಯಲ್ಲಿ

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಜೊತೆಗೆ ಮಗು. ಜಲಪಾತದ ತನಕ ಆಗುತ್ತಾ?

ಬುಡದ ತನಕ ಆಗುತ್ತದೆ. ಮೈಸೆಂಟಾಲ್ ಪಾರ್ಕಿಂಗ್‌ನಿಂದ ಬ್ರ್ಯೂಲ್‌ಬಾಖ್ ಎಂಬ ತೊರೆಯ ಗುಂಟ ಅಗಲವಾದ, ಹೆಚ್ಚುಕಡಿಮೆ ಸಮತಟ್ಟಾದ ದಾರಿ. ನಿಧಾನ ನಡೆದರೂ ಮುಕ್ಕಾಲು ಗಂಟೆಯೊಳಗೆ ಜಲಪಾತ ಕಣ್ಣಿಗೆ ಬೀಳುತ್ತದೆ. ದೊಡ್ಡ ಗಾಲಿಯ ತಳ್ಳುಗಾಡಿ ಸಾಗುತ್ತದೆ. ಅಲ್ಲಿಂದ ನೆತ್ತಿಗೆ ಹೋಗುವುದು ಕಡಿದಾದ ಮೆಟ್ಟಿಲು; ಮಂಡಿನೋವಿನವರು ಅಲ್ಲೇ ಕೂತು ನೋಡಿ ತಿರುಗಿದರೆ ಏನೂ ಕಳಕೊಳ್ಳುವುದಿಲ್ಲ.

ಪೂರ್ತಿ ಸುತ್ತು ಹೊಡೀಬೇಕು. ಯಾವ ದಿಕ್ಕಿನಿಂದ ಶುರು ಮಾಡೋದು?

ಆ ಸುತ್ತಿನ ಹೆಸರು ವಾಸರ್‌ಫಾಲ್‌ಸ್ಟೈಗ್, ಸುಮಾರು 10 ಕಿ.ಮೀ. 2016ರಲ್ಲಿ ಜರ್ಮನಿಯ ಅತ್ಯಂತ ಚೆಂದದ ನಡಿಗೆದಾರಿ ಎಂದು ಇದಕ್ಕೆ ಬಹುಮಾನ ಬಂದಿತ್ತು. ರಜಾದಿನದ ಜಂಗುಳಿಗೆ ಅದೂ ಒಂದು ಕಾರಣ. ನಿಲ್ಲುವುದು, ತಿನ್ನುವುದು ಸೇರಿ ಐದು ಗಂಟೆ ಇಟ್ಟುಕೊಳ್ಳಿ.

ದೊಡ್ಡ ಜಲಪಾತದ ಕಡೆಯಿಂದಲೇ ಶುರು ಮಾಡಿ. ಮೆಟ್ಟಿಲನ್ನು ಹತ್ತುವುದು ಸುಲಭ, ಇಳಿಯುವುದು ಮಂಡಿಗೆ ಕಷ್ಟ. ನೆತ್ತಿಯಲ್ಲಿ ಹುಲ್ಲಿನ ತಟ್ಟು ಸಿಗುತ್ತದೆ. ಬಹುತೇಕ ಜನ ಇಲ್ಲಿಗೇ ನಿಲ್ಲಿಸುತ್ತಾರೆ, ಮುಂದೆ ದಾರಿ ಖಾಲಿ. ಇಲ್ಲಿಂದ ರುಟ್ಶೆನ್‌ಫೆಲ್ಸೆನ್ ಬಂಡೆಯ ತನಕದ್ದೇ ಇಡೀ ದಿನದ ಕಷ್ಟದ ಏರು, ಅಂಕುಡೊಂಕಿನ ದಾರಿ. ಮೇಲೆ ಹೋದಾಗ ಕಾಡು ಥಟ್ಟನೆ ಮುಗಿದು ಕಾಲಡಿಗೆ ಕಣಿವೆ. ಎಲ್ಲ ಕಡೆಗೂ ಕಟಾಂಜನ ಇಲ್ಲ. ಮಕ್ಕಳ ಕೈ ಹಿಡಿದಿರಿ, ಸೆಲ್ಫಿಗೆಂದು ಹಿಂದಡಿ ಇಡಬೇಡಿ. ಆಮೇಲೆ ಬಯಲಂಚಿನ ಗುಂಟ ರೋರಾವರ್ ಹ್ಯುಟ್ಟೆ ಎಂಬ ಗುಡಿಸಲು ಹೋಟೆಲು, ಮುಂದೆ ಮಾರ್ಬಾಖ್ ಅಶ್ವಶಾಲೆಗೆ ಸೇರಿದ ಫೋಲೆನ್‌ಹೋಫ್; ಬೇಸಿಗೆಯಲ್ಲಿ ಕುದುರೆಮರಿಗಳು ಮೇಯುತ್ತಿರುತ್ತವೆ. ಕೊಟ್ಟಿಗೆ ದಾಟಿ ಕಾಡಿಗಿಳಿದರೆ ಗ್ಯೂಟರ್‌ಸ್ಟೈನ್ ಜಲಪಾತ. ಎತ್ತರ ಕಡಿಮೆ, ಪಾಚಿ ಹೆಚ್ಚು, ಜನ ಇಲ್ಲವೇ ಇಲ್ಲ ಅನ್ನುವಷ್ಟು. ದೊಡ್ಡದಕ್ಕಿಂತ ಇದೇ ಚೆಂದ ಎಂಬುದು ಇಲ್ಲಿ ಆಗಾಗ ನಡೆಯುವವರ ಮಾತು, ಸರಿಯಾದ ಮಾತು.

ಮರದ ಮೇಲೆ ಕೆಂಪು ತ್ರಿಕೋನ, ನೀಲಿ ತ್ರಿಕೋನ ಇದಾವಲ್ಲ, ಅವು ಏನು?

1888ರಲ್ಲಿ ಹುಟ್ಟಿದ ಶ್ವೇಬಿಶರ್ ಆಲ್ಬ್‌ಫೆರೈನ್ ಎಂಬ ನಡಿಗೆದಾರರ ಸಂಘದ ಗುರುತುಗಳು. ಕೆಂಪು ತ್ರಿಕೋನ ಎಂದರೆ ಆಲ್ಬ್‌ಸ್ಟೈಗ್: ಡೊನಾವ್‌ವೆರ್ಟ್‌ನಿಂದ ಟುಟ್ಲಿಂಗೆನ್‌ವರೆಗೆ ಬೆಟ್ಟದಂಚಿನ ಮೇಲೆ ಸುಮಾರು 350 ಕಿ.ಮೀ. ಸಾಗುವ ದಾರಿ. ತ್ರಿಕೋನದ ಮೊನೆ ಯಾವಾಗಲೂ ಟುಟ್ಲಿಂಗೆನ್ ಕಡೆಗೆ, ಬುಡ ಡೊನಾವ್‌ವೆರ್ಟ್ ಕಡೆಗೆ. ದಿಕ್ಕು ತಪ್ಪಿದಾಗ ಇದೊಂದು ಗೊತ್ತಿದ್ದರೆ ಫೋನು ಬೇಡ. ನೀಲಿ, ಹಳದಿ ಗುರುತುಗಳು ಸಂಪರ್ಕದಾರಿ, ಊರದಾರಿಗಳದ್ದು. ಊರಾಖ್‌ನ ‘ಗ್ರಾಫೆನ್‌ಸ್ಟೈಗೆ’ ಎಂಬ ಐದು ಸುತ್ತುಗಳಿಗೆ ಬೇರೆಯೇ ಫಲಕಗಳಿವೆ. ಒಂದೇ ಕಂಬದಲ್ಲಿ ಎಲ್ಲವೂ ಇರುತ್ತವೆ. ನಿಮ್ಮದು ಯಾವುದೆಂದು ಮೊದಲ ಕಂಬದಲ್ಲೇ ಫೋಟೋ ತೆಗೆದಿಟ್ಟುಕೊಳ್ಳಿ. ಕವಲು ದಾಟಿ ಹತ್ತು ನಿಮಿಷ ಗುರುತೇ ಕಾಣದಿದ್ದರೆ ತಪ್ಪಿದ್ದೀರಿ. ಮುಂದೆ ಹುಡುಕಬೇಡಿ, ಹಿಂದಿನ ಗುರುತಿಗೆ ತಿರುಗಿ ಬನ್ನಿ.

ಜಲಪಾತದ ಪಾಚಿಗಲ್ಲಿನ ಮೇಲೆ ಹತ್ತಿ ಫೋಟೋ ತೆಗೆದರೆ ಯಾಕೆ ಬೈತಾರೆ? ಕಲ್ಲು ತಾನೇ?

ಕಲ್ಲು ಹೌದು, ಆದರೆ ಈಗಷ್ಟೇ ಕಟ್ಟುತ್ತಿರುವ ಕಲ್ಲು. ಬಯಲ ಮೇಲೆ ಬಿದ್ದ ಮಳೆ ಮಣ್ಣಿನಲ್ಲಿ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತದೆ. ಹುಳಿನೀರು ಸುಣ್ಣಕಲ್ಲನ್ನು ಕರಗಿಸುತ್ತ ಕೆಳಗಿಳಿದು, ಬೆಟ್ಟದ ಪಕ್ಕೆಯಲ್ಲಿ ಒರತೆಯಾಗಿ ಹೊರಬರುತ್ತದೆ. ಬಿದ್ದು ಚದುರಿದಾಗ ಸೋಡಾ ಬಾಟಲಿ ತೆರೆದಂತೆ ಅನಿಲ ಹಾರಿಹೋಗುತ್ತದೆ, ಪಾಚಿಯೂ ಒಂದಿಷ್ಟು ಎಳೆದುಕೊಳ್ಳುತ್ತದೆ. ಕರಗಿದ್ದ ಸುಣ್ಣ ಆಗ ಪಾಚಿಯ ಎಳೆಗಳ ಮೇಲೆಯೇ ಕೂರುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರು ಗೀಸರಿನ ಕಾಯಿಲಿಗೆ ಬಿಳಿ ಪದರ ಕಟ್ಟುವುದೂ ಹೆಚ್ಚುಕಡಿಮೆ ಹೀಗೇ.

ಹತ್ತಿರದಿಂದ ಒಂದು ಗುಪ್ಪೆ ನೋಡಿ: ತುದಿ ಎಳೆಹಸಿರು, ಒದ್ದೆ, ಮೆತ್ತಗೆ; ಒಂದು ಬೆರಳು ಕೆಳಗೆ ಕಂದು; ಅದರ ಕೆಳಗೆ ಪಾಚಿಯದೇ ಆಕಾರದ ತೂತುತೂತಾದ ಗಟ್ಟಿ ಕಲ್ಲು. ತುದಿ ಬೆಳೆಯುತ್ತದೆ, ಬುಡ ಕಲ್ಲಾಗುತ್ತದೆ. ಜೋಗದ ನೀರು ಕಲ್ಲನ್ನು ಕೊರೆದು ಹಿಂದೆ ಸರಿದರೆ ಇದು ಕಲ್ಲನ್ನು ಕಟ್ಟುತ್ತ ಮುಂದೆ ಬರುತ್ತದೆ. ಒಂದು ಶೂ ಒತ್ತಿದರೆ ವರ್ಷಗಳ ಕೆಲಸ ಪುಡಿಯಾಗುತ್ತದೆ, ಅಲ್ಲದೆ ಜಾರಿ ಬೀಳುತ್ತೀರಿ.

ಬೆಟ್ಟದ ಮೇಲಿನ ಪಾಳುಕೋಟೆಗೆ ಹೋಗುವಷ್ಟು ಇದೆಯಾ?

ಇದೆ. ಹೋಹೆನೂರಾಖ್ ಕೋಟೆಗೆ ಊರಿಂದ ಮುಕ್ಕಾಲರಿಂದ ಒಂದು ಗಂಟೆಯ ಏರು. ಗೋಡೆಯ ಮೇಲಿಂದ ಜಲಪಾತದ ಕಣಿವೆ, ಊರು ಎರಡೂ ಕಾಣುತ್ತವೆ. ಟಿಕೆಟ್ಟಿಲ್ಲ, ಕಾವಲಿಲ್ಲ, ಕುಡಿಯುವ ನೀರೂ ಇಲ್ಲ. ಇಲ್ಲಿ ಸೆರೆಯಲ್ಲಿದ್ದ ಕವಿ ನಿಕೋಡೆಮುಸ್ ಫ್ರಿಶ್‌ಲಿನ್ 1590ರಲ್ಲಿ ಹಗ್ಗ ಬಿಟ್ಟು ತಪ್ಪಿಸಿಕೊಳ್ಳಲು ಹೋಗಿ ಬಿದ್ದು ಸತ್ತ. ಗೋಡೆಯಂಚಿನಿಂದ ಕೆಳಗೆ ಬಗ್ಗಿದರೆ ಆಶ್ಚರ್ಯವೇನೂ ಅನಿಸುವುದಿಲ್ಲ.

## ಕಾಡಿನ ರೀತಿ ರಿವಾಜು

ದಾರಿ ಪಕ್ಕ ಸೇಬು ಬಿದ್ದು ಕೊಳೀತಾ ಇರುತ್ತೆ. ಆರಿಸ್ಕೋಬಹುದಾ?

ಬೇಲಿಯಿಲ್ಲದಿದ್ದರೂ ಪ್ರತಿ ಮರಕ್ಕೂ ಒಡೆಯರಿದ್ದಾರೆ. ಕೆಳಗೆ ಬಿದ್ದದ್ದೂ ಅವರದೇ. ಆದರೆ ಕಾಂಡಕ್ಕೆ ಹಳದಿ ಪಟ್ಟಿ ಕಟ್ಟಿದ್ದರೆ ‘ಯಾರು ಬೇಕಾದರೂ ಕಿತ್ತುಕೊಳ್ಳಿ’ ಎಂದು ಒಡೆಯರೇ ಹೇಳಿದಂತೆ. ಕೊಂಬೆ ಮುರಿಯದೆ ಮನೆಗಾಗುವಷ್ಟು ಕೀಳಬಹುದು.

ಕಾಡಿನ ಹಣ್ಣು, ಸೊಪ್ಪು, ಅಣಬೆಗೆ ಕಾನೂನು ಬೇರೆ: ಸಂರಕ್ಷಿತ ಜಾಗವಲ್ಲದಿದ್ದರೆ, ಸಂರಕ್ಷಿತ ಗಿಡವಲ್ಲದಿದ್ದರೆ, ಸ್ವಂತಕ್ಕೆ ಒಂದು ಹಿಡಿಯಷ್ಟು. ಜಲಪಾತದ ಸುತ್ತಮುತ್ತ ಸಂರಕ್ಷಿತ ಪ್ರದೇಶ, ಅಲ್ಲಿ ಏನನ್ನೂ ಕೀಳಬೇಡಿ.

ಏಪ್ರಿಲ್‌ನಲ್ಲಿ ಇಡೀ ಕಾಡು ಬೆಳ್ಳುಳ್ಳಿ ಒಗ್ಗರಣೆಯಂತೆ ಘಮ್ಮೆನ್ನುತ್ತದೆ. ಅದು ಬೇರ್‌ಲೌಖ್, ಕಾಡುಬೆಳ್ಳುಳ್ಳಿಯ ಸೊಪ್ಪು. ಚಟ್ನಿಗೆ ಬಹಳ ಒಳ್ಳೆಯದು. ಅಪಾಯವೂ ಇಲ್ಲೇ. ಅದರ ಪಕ್ಕದಲ್ಲೇ ಹೆರ್ಬ್‌ಸ್ಟ್‌ಸೈಟ್‌ಲೋಸೆ ಎಂಬ ಪ್ರಾಣಾಂತಕ ವಿಷದ ಗಿಡ ಅಂಥದ್ದೇ ಎಲೆ ಬಿಡುತ್ತದೆ. ಮೂಸಿ ನೋಡುವ ಪರೀಕ್ಷೆ ಮೊದಲ ಎಲೆಗಷ್ಟೇ ನಡೆಯುತ್ತದೆ. ಆಮೇಲೆ ಕೈಯೇ ಬೆಳ್ಳುಳ್ಳಿ ನಾರುವುದರಿಂದ ಎಲ್ಲ ಎಲೆಯೂ ಹಾಗೇ ಅನಿಸುತ್ತದೆ. ಬೇರ್‌ಲೌಖ್‌ನ ಪ್ರತಿ ಎಲೆಗೂ ನೆಲದಿಂದ ಬೇರೆ ಬೇರೆ ತೊಟ್ಟು ಇರುತ್ತದೆ, ಎಲೆಯ ಹಿಂಬದಿ ಮಂಕಾಗಿರುತ್ತದೆ. ವಿಷಗಿಡಕ್ಕೆ ತೊಟ್ಟಿಲ್ಲ, ಹಲವು ಎಲೆಗಳು ಒಂದೇ ಬುಡದಿಂದ ಏಳುತ್ತವೆ, ಎರಡು ಬದಿಯೂ ಹೊಳಪು. ಹಿಡಿಹಿಡಿಯಾಗಿ ಕೊಯ್ಯದೆ ಒಂದೊಂದೇ ಎಲೆ ಕೀಳಿ.

ಉಣ್ಣೆ ಕಚ್ಚಿದರೆ ಏನಾಗುತ್ತೆ? ಎಲ್ಲರೂ ಹೆದರಿಸ್ತಾರೆ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸಿಗೆ ಇಲ್ಲಿನ ಎಫ್‌ಎಸ್‌ಎಂಇ ವೈರಸ್ ನೆಂಟ. ಇದು ಮಿದುಳಿನ ಪೊರೆಗೆ ಉರಿಯೂತ ತರುತ್ತದೆ, ಔಷಧವಿಲ್ಲ, ಲಸಿಕೆ ಇದೆ. ಊರಾಖ್ ಇರುವುದು ಅಪಾಯವಲಯದಲ್ಲಿ. ಲಸಿಕೆ ಮೂರು ಸಲ: ಎರಡನೆಯದು ಒಂದರಿಂದ ಮೂರು ತಿಂಗಳಿಗೆ, ಮೂರನೆಯದು ಮುಂದಿನ ಒಂದು ವರ್ಷದೊಳಗೆ. ಚಳಿಗಾಲದಲ್ಲೇ ಶುರು ಮಾಡಿದರೆ ವಸಂತಕ್ಕೆ ತಯಾರು. ಇಲ್ಲಿ ವಾಸವಿರುವವರಿಗೆ ಸರ್ಕಾರಿ ಆರೋಗ್ಯವಿಮೆಯೇ ಖರ್ಚು ಕೊಡುತ್ತದೆ, ಮನೆವೈದ್ಯರನ್ನು ಕೇಳಿ.

ಇನ್ನೊಂದು ಬೊರೇಲಿಯಾ ಸೋಂಕು. ಅದಕ್ಕೆ ಲಸಿಕೆಯಿಲ್ಲ, ಆದರೆ ಆಂಟಿಬಯಾಟಿಕ್ ಇದೆ. ಅದು ಮೈಗೆ ದಾಟಲು ಸಾಮಾನ್ಯವಾಗಿ ಅರ್ಧ ದಿನವಾದರೂ ಬೇಕು. ಆದ್ದರಿಂದ ಮನೆಗೆ ಬಂದ ತಕ್ಷಣ ಮಂಡಿಸಂದು, ತೊಡೆಸಂದು, ಕಂಕುಳು, ಮಕ್ಕಳಾದರೆ ಕಿವಿಹಿಂದೆ ಮತ್ತು ಕೂದಲಂಚು ನೋಡಿ. ಸಣ್ಣ ಚಿಮಟದಿಂದ ಚರ್ಮಕ್ಕೆ ಅಂಟಿಸಿ ಹಿಡಿದು, ನಿಧಾನ ನೇರ ಎಳೆಯಿರಿ. ಎಣ್ಣೆ, ಸೀಮೆಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ. ಗಾಬರಿಯಾದ ಉಣ್ಣೆ ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಕ್ಕಬಹುದು. ಕಚ್ಚಿದ ತಾರೀಖು ಬರೆದಿಡಿ. ಮುಂದಿನ ವಾರಗಳಲ್ಲಿ ಆ ಜಾಗದ ಸುತ್ತ ಕೆಂಪು ಬಳೆಯಂತೆ ಹರಡಿದರೆ ವೈದ್ಯರ ಹತ್ತಿರ ಹೋಗಿ.

ಟೆಂಟ್ ಹಾಕೋದು, ಗ್ರಿಲ್ ಮಾಡೋದು, ಸೈಕಲ್: ಯಾವುದಕ್ಕೆ ಅನುಮತಿ ಇದೆ?

ಕಾಡಿನಲ್ಲಿ ಸುತ್ತಾಡುವ ಹಕ್ಕು ಎಲ್ಲರಿಗೂ ಇದೆ, ಅದು ಖಾಸಗಿ ಕಾಡಾದರೂ. ಟೆಂಟ್ ಹಾಕಿ ಮಲಗುವ ಹಕ್ಕಿಲ್ಲ. ಬೆಂಕಿ ಗೊತ್ತುಪಡಿಸಿದ ಒಲೆಜಾಗಗಳಲ್ಲಿ ಮಾತ್ರ. ಕಾಡಿನಿಂದ 100 ಮೀಟರ್ ಒಳಗೆ ಬೇರೆಲ್ಲೂ ಇಲ್ಲ. ಕಾಡಿಗೆ ಕಿಚ್ಚಿನ ಅಪಾಯವಿರುವ ದಿನಗಳಲ್ಲಿ ಒಲೆಜಾಗವೂ ಬಂದ್. ಮಾರ್ಚ್ 1ರಿಂದ ಅಕ್ಟೋಬರ್ 31ರವರೆಗೆ ಕಾಡಿನಲ್ಲಿ ಸಿಗರೇಟು ಕೂಡ ಸೇದುವಂತಿಲ್ಲ. ಈ ರಾಜ್ಯದಲ್ಲಿ ಎರಡು ಮೀಟರಿಗಿಂತ ಕಿರಿದಾದ ಕಾಡುದಾರಿಯಲ್ಲಿ ಸೈಕಲ್ ಬಿಡುವಂತಿಲ್ಲ. ಅಂದರೆ ವಾಸರ್‌ಫಾಲ್‌ಸ್ಟೈಗ್‌ನ ಬಹುಭಾಗ ಹೋಯಿತು. ಹುಲ್ಲು ಎತ್ತರ ಬೆಳೆದ ಗದ್ದೆ ಯಾರದೋ ದನದ ಮೇವು, ಫೋಟೋಗಾಗಿ ತುಳಿಯಬೇಡಿ.

## ಪಳಗಿದವರಿಗೆ

ಮೇಲಿನ ಬಯಲಲ್ಲಿ ಒಂದು ಹೊಳೆಯೂ ಕಾಣಲ್ಲ. ಅಷ್ಟು ಮಳೆ ಎಲ್ಲಿ ಹೋಗುತ್ತೆ?

ಕೆಳಗೆ. ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ಒಳಗೊಳಗೇ ಹರಿದು ಕಣಿವೆಯಲ್ಲಿ ಏಳುತ್ತದೆ. ಬಯಲಿನ ಹಳ್ಳಿಗಳು ಮಳೆನೀರಿನ ಹೊಂಡ ನಂಬಿಕೊಂಡು, ಬೇಸಿಗೆಯಲ್ಲಿ ಕಣಿವೆಯಿಂದ ಗಾಡಿಯಲ್ಲಿ ನೀರು ಹೊರುತ್ತಿದ್ದವು. 1870ರ ದಶಕದಲ್ಲಿ ಕಾರ್ಲ್ ಎಹ್ಮನ್ ಎಂಬ ಎಂಜಿನಿಯರನ ಯೋಜನೆಯಂತೆ ಪಂಪು, ಕೊಳವೆಗಳಿಂದ ನೀರು ಮೇಲೇರಿತು. ನಡೆಯುವವರಿಗೆ ಇದರಿಂದ ಎರಡು ಪಾಠ. ಒಂದು, ಮೇಲೆ ನೀರು ಸಿಗದು. ಎರಡು, ಒರತೆಯ ನೀರು ಎಷ್ಟೇ ತಿಳಿಯಾಗಿದ್ದರೂ ಕುಡಿಯಬೇಡಿ. ಬಿರುಕುಗಳಲ್ಲಿ ಸೋಸುವ ಮರಳಿಲ್ಲ, ಮೇಲಿನ ಹೊಲದ ಗೊಬ್ಬರ ನೇರ ಕೆಳಗೆ ಬರುತ್ತದೆ. ‘ಕೈನ್ ಟ್ರಿಂಕ್‌ವಾಸರ್’ ಎಂದು ಬರೆದ ನಲ್ಲಿಯದೂ ಬೇಡ.

ಆ ಬಯಲಲ್ಲಿ ನಡೆಯುವಾಗ ತಲೆ ಮೇಲೆ ಕವಲೊಡೆದ ಬಾಲದ ಹಕ್ಕಿ ತೇಲುತ್ತಿದ್ದರೆ ಅದು ಕೆಂಪು ಹದ್ದು, ಇಲ್ಲಿಯವರ ರೋಟ್‌ಮಿಲಾನ್. ನಮ್ಮೂರ ಸಂತೆಯ ಮೇಲೆ ಸುತ್ತುವ ಹದ್ದಿನ ದಾಯಾದಿ. ಬಾಲದ ಕವಲು ಇನ್ನೂ ಆಳ.

ಫಾಲ್ಕೆನ್‌ಸ್ಟೈನ್ ಗುಹೆಯೊಳಗೆ ಎಷ್ಟು ದೂರ ಹೋಗಬಹುದು?

ಬಾಯಿಯ ತನಕ. ಒಳಗೆ ಹೋಗಲು ಅನುಮತಿಪತ್ರ ಬೇಕು. ಇದು ಹೊಳೆ ಹರಿಯುವ ಗುಹೆ, ಮೇಲೆ ಮಳೆ ಬಂದರೆ ಒಳಗಿನ ನೀರು ಏರಿ ಹಿಂದಿನ ದಾರಿ ಮುಚ್ಚುತ್ತದೆ. 2019ರ ಜುಲೈಯಲ್ಲಿ ಹೀಗೆ ಸಿಕ್ಕಿಕೊಂಡ ಇಬ್ಬರನ್ನು ಮುಳುಗುಗಾರರು ಹೋಗಿ ಹೊರತಂದರು. ಬೇಸಿಗೆಯಲ್ಲಿ ಬಾಯಿಯ ಮುಂದೆ ನಿಂತು ಆ ತಣ್ಣನೆ ಉಸಿರಿಗೆ ಮುಖ ಕೊಟ್ಟು ಬನ್ನಿ, ಅಷ್ಟು ಸಾಕು.

ಮ್ಯುನ್ಸಿಂಗೆನ್ ಸೇನಾ ಮೈದಾನದಲ್ಲಿ ನಡೆಯಬಹುದಂತೆ, ಹೌದಾ?

ಹೌದು. ನೂರಕ್ಕೂ ಹೆಚ್ಚು ವರ್ಷ ತೋಪು ಹಾರಿಸಿದ ಸುಮಾರು 6,700 ಹೆಕ್ಟೇರ್ ಬಯಲು, 2005ರಲ್ಲಿ ಸೇನೆ ಬಿಟ್ಟಿತು. ನೇಗಿಲು, ರಸಗೊಬ್ಬರ ಕಾಣದ ಹುಲ್ಲುಗಾವಲು ಇಷ್ಟು ದೊಡ್ಡದು ಬೇರೆ ಕಡೆ ಅಪರೂಪ. ಆದರೆ ಸಿಡಿಯದ ಗುಂಡುಗಳು ಮಣ್ಣಲ್ಲೇ ಇವೆ. ಗುರುತು ಮಾಡಿದ ದಾರಿಯಿಂದ ಒಂದು ಹೆಜ್ಜೆಯೂ ಆಚೆ ಇಡುವಂತಿಲ್ಲ, ಮೂತ್ರಕ್ಕೂ. ನಡುವೆ ಗ್ರುವೋರ್ನ್ ಎಂಬ ಹಳ್ಳಿಯಿತ್ತು. ಮೈದಾನ ಹಿಗ್ಗಿಸಲೆಂದು 1930ರ ದಶಕದ ಕೊನೆಗೆ ಜನರನ್ನು ಎಬ್ಬಿಸಿದರು. ಈಗ ಉಳಿದಿರುವುದು ಚರ್ಚು, ಶಾಲೆಯ ಕಟ್ಟಡ. ಅಣೆಕಟ್ಟಿಗಾಗಿ ಊರು ಬಿಟ್ಟವರ ಮನೆಯವರಿಗೆ ಆ ಅಂಗಳದಲ್ಲಿ ಹೆಚ್ಚು ಹೊತ್ತು ನಿಲ್ಲಲಾಗದು.

ಕಾಡಲ್ಲಿ ಕಾಲು ಉಳುಕಿದರೆ ಎಲ್ಲಿದೀನಿ ಅಂತ ಹೇಗೆ ಹೇಳೋದು?

112ಕ್ಕೆ ಕರೆ ಮಾಡಿ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಜಾಲದ ಮೂಲಕ ಹೋಗಬಹುದು. ಕಾಡುದಾರಿಯ ಕವಲುಗಳಲ್ಲಿ ‘ರೆಟ್ಟುಂಗ್ಸ್‌ಪುಂಕ್ಟ್’ ಎಂಬ ಹಸಿರು ಫಲಕಗಳಿರುತ್ತವೆ, ಅದರ ಮೇಲಿನ ಸಂಖ್ಯೆ ಹೇಳಿದರೆ ಆಂಬುಲೆನ್ಸಿಗೆ ಜಾಗ ಗೊತ್ತಾಗುತ್ತದೆ. ಫಲಕ ಕಂಡಾಗಲೆಲ್ಲ ಒಂದು ಫೋಟೋ ತೆಗೆದುಕೊಳ್ಳುತ್ತ ಹೋಗಿ. ಗಾಳಿ ಜೋರಿದ್ದ ದಿನ, ಮರುದಿನ ಕಣಿವೆಯ ಕಾಡು ಬೇಡ: ಶಿಲೀಂಧ್ರ ರೋಗ ತಗುಲಿದ ಆಶ್ ಮರಗಳು ಬೇರು ಕೊಳೆತು ಸದ್ದಿಲ್ಲದೆ ಉರುಳುತ್ತವೆ.

ನಡೆದು ಸುಸ್ತಾದ ಮೇಲೆ ಬಿಸಿನೀರಿನ ಕೊಳ ಇದೆಯಂತೆ. ಅಲ್ಲಿ ಬಟ್ಟೆ ಹಾಕೊಂಡೇ ಇರಬಹುದಾ?

ಆಲ್ಬ್‌ಥೆರ್ಮೆನ್ ಎಂದು ಹೆಸರು, ಊರೊಳಗೇ ಇದೆ. ಆಳದ ಕೊಳವೆಬಾವಿಯಿಂದ ಬರುವ ನೀರು ಸುಮಾರು 60 ಡಿಗ್ರಿ, ಕೊಳಕ್ಕೆ ಆರಿಸಿ ಬಿಡುತ್ತಾರೆ. ಕೊಳದಲ್ಲಿ ಈಜುಡುಗೆ ಕಡ್ಡಾಯ. ಸೌನಾ ವಿಭಾಗದಲ್ಲಿ ಈಜುಡುಗೆ ಇಲ್ಲ. ಗಂಡಸರು ಹೆಂಗಸರು ಒಂದೇ ಕಡೆ, ಕೂರಲು ದೊಡ್ಡ ಟವೆಲ್. ಟಿಕೆಟ್ ಎರಡಕ್ಕೂ ಬೇರೆ ಬೇರೆ. ಅತ್ತೆ ಮಾವನ ಜೊತೆ ಹೋದವರು ಕೌಂಟರಿನಲ್ಲೇ ‘ನೂರ್ ಥೆರ್ಮೆ’, ಬರೀ ಕೊಳಕ್ಕೆ, ಎಂದು ಹೇಳಿ ಟಿಕೆಟ್ ತೆಗೆದುಕೊಳ್ಳಿ.